ಕಲಾಯಿಯ ಹಿರಿಮೆ

ಕಲಾಯಿ ಹಾಕಿಸದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಅದು ಕಿಲುಬಿ ಕೆಡುತ್ತದೆ. ಆದರೂ ಪಾತ್ರೆ ಮಾಡಿದವನನ್ನು ಹೊಗಳುವ ನಾವು, ತವರದ ತೆಳುಪದರ ಬಳಿದು ಅದನ್ನು ಬಳಕೆಗೆ ಯೋಗ್ಯವಾಗಿಸಿದ ಕಲಾಯಿಗಾರನನ್ನು ಮರೆಯುತ್ತೇವೆ. ವಿಜ್ಞಾನದ ವಿಷಯದಲ್ಲಿಯೂ ನಮ್ಮ ದೃಷ್ಟಿ ಹೀಗೆಯೇ ಇದೆ ಎಂಬುದು ನನ್ನ ಅಭಿಪ್ರಾಯ.

ನೀರು ಜಲಜನಕ ಮತ್ತು ಆಮ್ಲಜನಕಗಳ ಸಂಯುಕ್ತವೆಂಬುದನ್ನು ನೀವು ಬಲ್ಲಿರಿ. ಬಿಸಿಲಿನ ಬಲದಿಂದಲೇ ನೀರನ್ನು ಒಡೆದು ಜಲಜನಕವನ್ನು ಪಡೆದರೆ ಹೊಗೆಯಿಲ್ಲದ ಇಂಧನವೊಂದು ಕೈಗೆ ಬಂದಂತಾಗುತ್ತದೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಎಂಬ ವಿಜ್ಞಾನಿಗಳು ಟೈಟಾನಿಯಂ ಡೈಆಕ್ಸೈಡಿನ ವಿದ್ಯುದ್ವಾರದ ಮೇಲೆ ಬೆಳಕು ಬೀಳಿಸಿ, ನೀರನ್ನು ಒಡೆಯಬಹುದೆಂದು ತೋರಿಸಿದರು. ಆದರೆ ಆ ವಸ್ತು ಹೀರಿಕೊಳ್ಳುವುದು ನೇರಳಾತೀತ ಕಿರಣಗಳನ್ನು ಮಾತ್ರ. ಬಿಸಿಲಿನಲ್ಲಿ ಅವುಗಳ ಪಾಲು ನೂರಕ್ಕೆ ಸುಮಾರು 5.

ಸಿಲಿಕಾನ್ ಆದರೋ ಕಣ್ಣಿಗೆ ಕಾಣುವ ಬೆಳಕನ್ನೂ ಹೀರಬಲ್ಲದು. ಮರಳಿನಲ್ಲಿ ಹೇರಳವಾಗಿ ಅಡಗಿರುವ ಧಾತುವೂ ಹೌದು. ಹಾಗಾದರೆ ಅದನ್ನೇ ಏಕೆ ಬಳಸಬಾರದು? ತೊಡಕಿರುವುದು ನೀರಿನಲ್ಲಿಯೇ. ಆಮ್ಲಜನಕ ಹೊಮ್ಮುವ ವಿದ್ಯುದ್ವಾರವಾಗಿ ನಿಂತಾಗ ಸಿಲಿಕಾನ್ ತಾನೇ ಉತ್ಕರ್ಷಣಗೊಂಡು, ವಿದ್ಯುತ್ತನ್ನು ಹರಿಯಗೊಡದ ಪೊರೆಯನ್ನು ಹೊದೆದುಕೊಳ್ಳುತ್ತದೆ. ಕ್ಷಾರದ್ರಾವಣದಲ್ಲಿ ಸವೆದು ಕರಗುತ್ತದೆ.

ಆದುದರಿಂದ ಅದಕ್ಕೂ ಕಲಾಯಿ ಬೇಕು. ಈ ಕಲಾಯಿ ನೀರನ್ನು ತಡೆಯಬೇಕು, ಬೆಳಕನ್ನು ಒಳಬಿಡಬೇಕು, ವಿದ್ಯುತ್ತನ್ನು ಹಾಯಗೊಡಬೇಕು. ಬೆಳಕು ಹಿಡಿಯುವುದರಲ್ಲಿ ಸೋತ ಟೈಟಾನಿಯಂ ಡೈಆಕ್ಸೈಡೇ ಇಲ್ಲಿ ನೆರವಾಯಿತು. ಕಾಣುವ ಬೆಳಕನ್ನು ಹೀರದಿರುವುದು ಅಲ್ಲಿ ಕೊರತೆ, ಇಲ್ಲಿ ಗುಣ! 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಅದರ 2 ನ್ಯಾನೊಮೀಟರ್ ಪೊರೆಯನ್ನು ಸಿಲಿಕಾನಿಗೆ ಹೊದಿಸಿದರು. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. 2014ರಲ್ಲಿ ಕ್ಯಾಲಿಫೋರ್ನಿಯ ತಂತ್ರವಿಜ್ಞಾನ ಸಂಸ್ಥೆಯವರು ಇನ್ನೂ ದಪ್ಪನಾದ ಪೊರೆಯ ಮೇಲೆ ನಿಕ್ಕಲಿನ ಚುಕ್ಕೆಗಳನ್ನಿರಿಸಿ, ಕ್ಷಾರದಲ್ಲಿ ಸಿಲಿಕಾನನ್ನು 100 ಗಂಟೆಗಳಿಗೂ ಮೀರಿ ದುಡಿಸಿದರು.

ನೂರು ಗಂಟೆಯೆಂದರೆ ನಾಲ್ಕು ದಿನಗಳ ಮೇಲೆ ನಾಲ್ಕು ಗಂಟೆ. ಇದೇನು ಮಹಾ ಎಂದು ಕೆಲವರು ಕೇಳಬಹುದು. ಮಾಳಿಗೆಯ ಸೌರಫಲಕಗಳು ಇಪ್ಪತ್ತು ವರ್ಷ ಮೀರಿ ಬಾಳುವುದನ್ನು ನೆನೆದರೆ ಆ ಪ್ರಶ್ನೆ ನ್ಯಾಯವೇ. ಸಿಲಿಕಾನಿನ ಒಂದೇ ಬಿಲ್ಲೆಯ ವಿದ್ಯುದ್ಬಲ ನೀರನ್ನು ಒಡೆಯಲು ಸಾಲದು. ಅದಕ್ಕೆ ಜೊತೆ ಬೇಕೆಂಬುದೂ ನಿಜ. ಆದರೆ ಬಾಳಿಕೆಯಿಲ್ಲದ ಯಂತ್ರ ಎಷ್ಟು ಸಮರ್ಥವಾದರೇನು? ಪ್ರಯೋಗಶಾಲೆಯ ಬೆರಗು ಜನರ ಬಳಕೆಗೆ ಇಳಿಯುವುದು ಅದು ಬಾಳಿದಾಗಲೇ.

ಹೊಸದನ್ನು ಕಂಡುಹಿಡಿದವರಿಗೆ ಸಲ್ಲುವ ಗೌರವ, ಕಂಡುಹಿಡಿದುದನ್ನು ಕೆಡದಂತೆ ಕಾಪಾಡುವವರಿಗೂ ಸಲ್ಲಬೇಕು. ನಿಮ್ಮಲ್ಲಿ ಯಾರಾದರೂ ನಾಳೆ ವಿಜ್ಞಾನಿಗಳಾದರೆ, ಈ ಕಲಾಯಿಯ ಕೆಲಸವನ್ನು ಕಿರಿದೆಂದು ಎಣಿಸದಿರಿ.