ಮಸಿಗೈ ಮತ್ತು ಎಣ್ಣೆಗೈ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿ ಮುಗಿದ ತರುವಾಯ, ಸಂಗನಕಲ್ಲಿನ ತರುಣ ಅಧ್ಯಾಪಕನೊಬ್ಬನು ತನ್ನ ಕಾರಿನ ಟೈಮಿಂಗ್ ಬೆಲ್ಟನ್ನು ಮನೆಯಂಗಳದಲ್ಲಿ ತಾನೇ ಬದಲಿಸಿಕೊಂಡನೆಂಬ ಮಾತು ಬಂದಿತು. ಹಿರಿಯರೊಬ್ಬರು ನಕ್ಕು, "ಓದಿದವನಿಗೆ ಇದೇತರ ಹಣೆಬರಹ? ದುಡ್ಡು ಕೊಟ್ಟರೆ ಗ್ಯಾರೇಜಿನವನು ಮಾಡಲಾರನೆ?" ಎಂದರು. ಹಲವರು ತಲೆದೂಗಿದರು. ನಾನೂ ಸುಮ್ಮನಿದ್ದೆನು. ಆ ಮೌನವು ತಪ್ಪೆಂದು ತೋರಿದುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ಮೊದಲು ವಸ್ತುಸ್ವರೂಪವನ್ನು ತಿಳಿಯೋಣ. ಎಂಜಿನ್ನಿನಲ್ಲಿ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ದಂಡವೊಂದು. ಇಂಧನವು ಒಳಬರುವ, ಹೊಗೆಯು ಹೊರಹೋಗುವ ಬಾಗಿಲುಗಳಾದ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್ ದಂಡವಿನ್ನೊಂದು. ಮೊದಲನೆಯದು ಎರಡು ಸುತ್ತು ತಿರುಗುವಷ್ಟರಲ್ಲಿ ಎರಡನೆಯದು ಒಂದೇ ಸುತ್ತು ತಿರುಗತಕ್ಕದ್ದು. ಈ ತಾಳವನ್ನು ಕಾಯುವುದು ಹಲ್ಲುಗಳುಳ್ಳ ಒಂದು ರಬ್ಬರ್ ಪಟ್ಟಿ. ಹಿಂದೆ ಸರಪಳಿಯೋ ಹಲ್ಲುಗಾಲಿಗಳೋ ಮಾಡುತ್ತಿದ್ದ ಈ ಕೆಲಸಕ್ಕೆ 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪೆನಿಯ 1004 ಎಂಬ ಕಾರಿನಲ್ಲಿ ರಬ್ಬರ್ ಪಟ್ಟಿಯು ಬಂದಿತು. 1983ರಿಂದ 2014ರವರೆಗೆ ತಯಾರಾಗಿ, ನಮ್ಮ ಮಧ್ಯಮ ವರ್ಗದವರ ಬಾಗಿಲಿಗೆ ಕಾರನ್ನು ತಂದ ಮಾರುತಿ 800ರಲ್ಲಿಯೂ ಇದ್ದದ್ದು ಇಂಥ ಪಟ್ಟಿಯೇ. ರಬ್ಬರಿಗೆ ಮುಪ್ಪುಂಟು. ಅನೇಕ ಕಾರುಗಳಲ್ಲಿ 60,000ದಿಂದ 1,00,000 ಕಿಲೋಮೀಟರಿನೊಳಗೆ, ಅಥವಾ ತಯಾರಕರು ಹೇಳಿದ ವರ್ಷಗಳೊಳಗೆ, ಯಾವುದು ಮೊದಲೋ ಆಗ ಅದನ್ನು ಬದಲಿಸಬೇಕು. ಬದಲಿಸದೆ ಅದು ಓಟದಲ್ಲಿ ಹರಿದರೆ, ಬಹಳಷ್ಟು ಎಂಜಿನ್ನುಗಳಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ನು ಬಡಿದು ವಾಲ್ವು ಬಾಗುತ್ತದೆ. ಪಟ್ಟಿಯ ಬೆಲೆಯ ಎಷ್ಟೋ ಪಟ್ಟು ಹಣವನ್ನು ಆಮೇಲೆ ತೆರಬೇಕಾಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಒಂದೆಡೆ ಹಣ ತೆತ್ತು, ಪಟ್ಟಿಯನ್ನು ಬದಲಿಸಿದೆಯೆಂಬ ಚೀಟಿಯನ್ನು ಪಡೆದು, ನಿಶ್ಚಿಂತನಾಗಿದ್ದೆನು. ಏಳು ತಿಂಗಳ ಮೇಲೆ, ಕಾಯಿಲೆ ಬಿದ್ದ ಅಕ್ಕನನ್ನು ಸಿರುಗುಪ್ಪದಿಂದ ಬಳ್ಳಾರಿಯ ಆಸ್ಪತ್ರೆಗೆ ರಾತ್ರಿಯಲ್ಲಿ ಕರೆತರುತ್ತಿರುವಾಗ, ತೆಕ್ಕಲಕೋಟೆಯ ಈಚೆಗೆ ಎಂಜಿನ್ನು ನಿಂತುಹೋಯಿತು. ನೆಲ್ಲಿನ ಲಾರಿಯವನೊಬ್ಬನು ದಯೆಯಿಟ್ಟು ಕೂರಿಸಿಕೊಂಡುದರಿಂದ ಅಕ್ಕ ಉಳಿದಳು. ಮರುದಿನ ಬಿಚ್ಚಿಸಿದಾಗ ಹೊರಬಂದದ್ದು ಬಿರುಕುಬಿಟ್ಟು ಹಲ್ಲುದುರಿದ ಹಳೆಯ ಪಟ್ಟಿ! ಮೋಸಗೈದವನ ದೋಷ ಅವನದು. ಬಿಚ್ಚಿದ ಪಟ್ಟಿಯನ್ನು ತೋರಿಸೆಂದು ಕೇಳುವಷ್ಟು ತಿಳಿವಳಿಕೆಯೂ ಇಲ್ಲದಿದ್ದ ದೋಷ ನನ್ನದು. ಅಮರಕೋಶವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ನನಗೆ ನನ್ನದೇ ಬಂಡಿಯೊಳಗಿನ ಒಂದು ಮೊಳದ ಪಟ್ಟಿಯ ಸುದ್ದಿ ತಿಳಿದಿರಲಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಎಣ್ಣೆಗೈಯು ವಿದ್ಯಾವಂತನಿಗೆ ಹೀನವೆಂಬುದು ಮೊದಲನೆಯದು. ಶುಲ್ಬವೆಂದರೆ ಹಗ್ಗ. ಬೌಧಾಯನಾದಿಗಳ ಶುಲ್ಬಸೂತ್ರಗಳು ಹಗ್ಗ ಹಿಡಿದು ಯಜ್ಞವೇದಿಯನ್ನು ಅಳೆಯುವ ಕ್ರಮವನ್ನೇ ಹೇಳುತ್ತವೆ. ಹಗ್ಗವನ್ನು ಮುಟ್ಟಲೊಲ್ಲದವನಿಗೆ ಆ ಶಾಸ್ತ್ರದಿಂದೇನು? ಇನ್ನು 12ನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನು ವೇದಿಕೆಯ ಮೇಲೆ ಕೊಂಡಾಡಿ, ಕೆಳಗಿಳಿದೊಡನೆ ಪಾನಾ ಹಿಡಿದವನನ್ನು ನೋಡಿ ನಗುವುದು ಯಾವ ನ್ಯಾಯ?

ಒಂದು ಹಲ್ಲು ತಪ್ಪಿದರೂ ಎಂಜಿನ್ನು ಕೆಡುವುದೆಂಬುದು ಎರಡನೆಯದು. ಒಪ್ಪಿದೆನು. ಆದರೆ ಇದರಿಂದ ಎಚ್ಚರವು ಅಗತ್ಯವೆಂಬುದು ಮಾತ್ರ ಸಿದ್ಧವಾಗುತ್ತದೆ. ಆ ತರುಣನು ಮಾಡಿದ್ದೇನು? ಎಂಜಿನ್ನು ಪೂರ್ತಿ ಆರಿದ ಮೇಲೆ ಬ್ಯಾಟರಿಯ ತಂತಿಯನ್ನು ಕಳಚಿದನು. ಜಾಕೊಂದನ್ನೇ ನಂಬದೆ ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟನು. ಎರಡು ಗಾಲಿಗಳ ಗುರುತುಗಳನ್ನೂ ಸರಿಗೂಡಿಸಿದ ಬಳಿಕವೇ ಹಳೆಯ ಪಟ್ಟಿಯನ್ನು ಸಡಿಲಿಸಿ ತೆಗೆದನು. ಪಟ್ಟಿಯನ್ನು ಬಿಗಿಹಿಡಿಯುವ ಟೆನ್ಷನರನ್ನೂ ಹೊಸದು ಹಾಕಿದನು. ತೊಟ್ಟು ಎಣ್ಣೆಯೂ ಸೋಕದಂತೆ ಹೊಸ ಪಟ್ಟಿಯನ್ನು ಏರಿಸಿ, ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬೋಲ್ಟುಗಳನ್ನು ಬಿಗಿದನು. ಬಳಿಕ ಕೀಲಿ ತಿರುಗಿಸುವ ಮೊದಲು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದವೆಂಬುದನ್ನು ಕಣ್ಣಾರೆ ಕಂಡನು. ನಡುವೆ ಎಲ್ಲಿಯಾದರೂ ತಡೆ ತೋರಿದ್ದರೆ ಅಲ್ಲಿಯೇ ನಿಲ್ಲಿಸುತ್ತಿದ್ದನು. ಇಷ್ಟು ತಾಳ್ಮೆಯಿಲ್ಲದವನು, ಅರ್ಧ ತಿಳಿದು ಆತುರಪಡುವವನು, ಇದಕ್ಕೆ ಕೈಹಾಕಬಾರದೆಂದು ನಾನೂ ಹೇಳುವೆನು. ಕೈಯಾಡಲು ಎಡೆಯಿಲ್ಲದ, ವಿಶೇಷ ಸಲಕರಣೆ ಬೇಡುವ ಕಾರುಗಳೂ ಉಂಟು. ಅವುಗಳನ್ನು ಬಲ್ಲವರಿಗೊಪ್ಪಿಸಿ ಪಕ್ಕದಲ್ಲಿ ನಿಂತು ನೋಡಿದರೂ ಸಾಕು.

ಮೇಸ್ತ್ರಿಯ ಅನ್ನಕ್ಕೆ ಕಲ್ಲು ಹಾಕಿದಂತಾಗುವುದೆಂಬುದು ಮೂರನೆಯದು. ಬಡವನ ಹೆಸರಿನಲ್ಲಿ ಸೋಮಾರಿತನವನ್ನು ಕಾಪಾಡುವ ವಾದವಿದು. ಒಮ್ಮೆ ತಾನೇ ಬೆರಳು ಜಜ್ಜಿಕೊಂಡವನು ಒಳ್ಳೆಯ ಮೇಸ್ತ್ರಿಯೊಡನೆ ನೂರು ರೂಪಾಯಿಗೆ ಚೌಕಾಸಿ ಮಾಡನು. ತಿಳಿದ ಗಿರಾಕಿಯಿಂದ ನಷ್ಟವಾಗುವುದು ಮೋಸಗಾರನಿಗೆ ಮಾತ್ರ.

ಕೊನೆಯದಾಗಿ, ಇದು ನಡೆದ ಊರನ್ನು ನೆನೆಯಿರಿ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಸುಮಾರು 4,000 ವರ್ಷಗಳ ಹಿಂದೆ ಜನರು ಡಾಲರೈಟ್ ಎಂಬ ಕರಿಗಲ್ಲನ್ನು ಒಡೆದು ಕೊಡಲಿಗಳನ್ನು ಮಾಡಿದರು. ಅಲಗು ಮಸೆದ ತಗ್ಗುಗಳು ಬಂಡೆಗಳ ಮೇಲೆ ಇಂದಿಗೂ ಕಾಣುತ್ತವೆ. 19ನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರೂ, ಬಳ್ಳಾರಿಯ ಶಿಲಾಯುಗದ ಕುರಿತು 1948ರಲ್ಲಿ ಗ್ರಂಥವನ್ನು ಹೊರತಂದ ಬಿ. ಸುಬ್ಬರಾವ್ ಅವರೂ ನಮ್ಮ ಊರಿನ ಹೆಸರನ್ನು ವಿದ್ವಲ್ಲೋಕಕ್ಕೆ ತಿಳಿಸಿದ್ದು ಈ ಕೈಕೆಲಸದ ಕುರುಹುಗಳಿಂದ. ಅಲ್ಲಿ ಕಲ್ಲು ಮಸೆದವರು ಒಂದಕ್ಷರವನ್ನೂ ಬರೆದಿಡಲಿಲ್ಲ. ಆದರೂ ಅವರ ಕೈಯ ಗುರುತನ್ನು ನಾವು ಓದುತ್ತಿದ್ದೇವೆ. ಅದೇ ಗುಡ್ಡದ ಬುಡದಲ್ಲಿ ಕುಳಿತು ಎಣ್ಣೆಗೈಯನ್ನು ಹಳಿಯುವುದು ನಮಗೆ ಒಪ್ಪುವುದೆ?

ಮುಂದಿನ ಗೋಷ್ಠಿಗೆ ಆ ತರುಣನನ್ನು ಕರೆಸಿ, ಬಿಚ್ಚಿದ ಹಳೆಯ ಪಟ್ಟಿಯನ್ನು ಮೇಜಿನ ಮೇಲಿಡಿಸಿ, ಅರ್ಧ ಗಂಟೆ ಅವನ ಮಾತನ್ನು ಕೇಳಬೇಕೆಂದು ಸಂಘದ ಸದಸ್ಯರಲ್ಲಿ ನನ್ನ ವಿಜ್ಞಾಪನೆ. ಅಂದು ಮೊದಲನೆಯ ಸಾಲಿನಲ್ಲಿ ನಾನು ಕುಳಿತಿರುವೆನು.