ಮೇಜಿನ ಮೇಲಿನ ರೈಲಿಗೆ ಎಂಥ ಹಳಿ?

ದಿನವೂ ರೈಲಿನ ಸದ್ದಿಗೆ ಎಚ್ಚರಗೊಳ್ಳುವವರಿಗಿಂತ, ರೈಲು ಬಾರದ ಊರಿನವರಿಗೆ ಅದರ ಮೇಲೆ ಮೋಹ ಹೆಚ್ಚು. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯ ಕಡೆ ಹುಟ್ಟಿ ಬೆಳೆದ ಹಿರಿಯರನ್ನು ಮಾತಿಗೆಳೆದರೆ ಇದರ ನಿಜ ತಿಳಿದೀತು. ಬೆಂಗಳೂರಿನಿಂದ ತುಮಕೂರಿನ ಮೇಲೆ ಗುಬ್ಬಿಯವರೆಗೆ ಮೀಟರ್‌ಗೇಜಿನ ಹಳಿ ಬಂದದ್ದು 1884ರಲ್ಲಿ. ಆ ಹಳಿ ಪಶ್ಚಿಮದ ಹಾದಿ ಹಿಡಿದು ಮುಂದೆ ಹೋಯಿತು. ಬೆಟ್ಟಗಳ ಆಚೆಗಿನ ಕೊರಟಗೆರೆ, ಮಧುಗಿರಿ, ಪಾವಗಡಗಳು ಹಾಗೆಯೇ ಉಳಿದವು. ತುಮಕೂರಿನಿಂದ ಈ ಊರುಗಳ ಮಾರ್ಗವಾಗಿ ಆಂಧ್ರದ ರಾಯದುರ್ಗಕ್ಕೆ ಸುಮಾರು 207 ಕಿಲೋಮೀಟರ್ ಉದ್ದದ ಹೊಸ ಮಾರ್ಗ ಮಂಜೂರಾದದ್ದು 2007–08ರ ಸಾಲಿನಲ್ಲಿ. ಅಷ್ಟು ಹೊತ್ತಿಗೆ ತುಮಕೂರು ರೈಲನ್ನು ಕಂಡು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಮಂಜೂರಾದ ಮೇಲೂ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಹೀಗಿರಲು, ಊರಿಗೆ ರೈಲು ಬರುವುದನ್ನು ಕನಸಿನಲ್ಲಿಯೇ ಕಂಡವರ ತಲೆಮಾರುಗಳು ಎಷ್ಟೋ ಕಳೆದುಹೋದವು.

ಅಂಥ ಹಿರಿಯರೊಬ್ಬರು ತೋವಿನಕೆರೆಯಿಂದ ಬೆಂಗಳೂರಿಗೆ, ಮಗನ ಮನೆಗೆ ಬಂದಿರುವರೆಂದು ವಾಚಕರು ಊಹಿಸಿಕೊಳ್ಳಲಿ. ಮನೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗನಿದ್ದಾನೆ. ಅವನ ಹುಟ್ಟುಹಬ್ಬಕ್ಕೆ ವಿದ್ಯುತ್ತಿನಿಂದ ಓಡುವ ಪುಟ್ಟ ರೈಲು ಬಂದಿದೆ. ಪೆಟ್ಟಿಗೆಯಲ್ಲಿ ಎಂಜಿನ್, ಮೂರು ಬೋಗಿ, ಒಂದಕ್ಕೊಂದು ಸಿಕ್ಕಿಸುವ ಗಟ್ಟಿ ಹಳಿಯ ತುಂಡುಗಳು. ಅವನ್ನೆಲ್ಲ ಜೋಡಿಸಿದರೆ ಒಂದು ಮೊಟ್ಟೆಯಾಕಾರದ ಸುತ್ತು. ರೈಲು ನೆಟ್ಟಗೆ ಓಡಿ ತಿರುವಿಗೆ ಬಂದೊಡನೆ ಒಮ್ಮೆ ತಲೆ ಕೊಡವುತ್ತದೆ. ವೇಗ ಹೆಚ್ಚಿದರೆ ಉರುಳುತ್ತದೆ.

“ತಾತ, ಇದನ್ನ ನಮ್ಮೂರಿನ ರೈಲು ಮಾಡೋಣ್ವಾ? ತುಮಕೂರಿಂದ ತೋವಿನಕೆರೆಗೆ!” ಎನ್ನುತ್ತಾನೆ ಹುಡುಗ.

ತಾತ ಕನ್ನಡಕ ಸರಿಪಡಿಸಿಕೊಂಡು ನೋಡುತ್ತಾರೆ. “ನಮ್ಮೂರಿಗೆ ಹೋಗೋ ರೈಲು ಹೀಗೆ ಗಾಣದೆತ್ತಿನ ಹಾಗೆ ಸುತ್ತುತ್ತಾ ಇರುತ್ತೇನೋ, ಮಗು? ಹೊರಟ ಮೇಲೆ ಎಲ್ಲಾದರೂ ಹೋಗಿ ತಲುಪಬೇಕು.”

ಈ ಮಾತಿನಲ್ಲಿ ಮಾದರಿ ರೈಲಿನ ಹವ್ಯಾಸದ ಒಂದು ದೊಡ್ಡ ಪ್ರಶ್ನೆಯೇ ಅಡಗಿದೆ. ಗಟ್ಟಿ ಹಳಿಯ ತುಂಡುಗಳು ಕಾರ್ಖಾನೆಯವರು ನಿಶ್ಚಯಿಸಿದ ತಿರುವನ್ನು ಮಾತ್ರ ಬಲ್ಲವು. ಸಿದ್ಧರಬೆಟ್ಟದ ಬುಡವನ್ನು ಬಳಸಿ, ಜಯಮಂಗಲಿಯ ಸೇತುವೆ ದಾಟಿ, ಹುಣಿಸೆಮರಗಳ ಸಾಲಿನ ಪಕ್ಕದಲ್ಲಿ ಹಾದುಹೋಗುವ ದಾರಿಯನ್ನು ಮೇಜಿನ ಮೇಲೆ ಬಿಡಿಸಬೇಕಾದರೆ ನೆಲ ಹೇಳಿದಂತೆ ಕೇಳುವ ಹಳಿ ಬೇಕು. ಅದೇ ‘ಫ್ಲೆಕ್ಸಿಬಲ್ ಟ್ರ್ಯಾಕ್’, ಎಂದರೆ ಬಗ್ಗುವ ಹಳಿ.

ಬಗ್ಗುವುದು ಹೇಗೆ?

ಈ ಹಳಿ ಸಾಮಾನ್ಯವಾಗಿ ಒಂದು ಗಜ, ಅಂದರೆ 914 ಮಿಲಿಮೀಟರ್ ಉದ್ದದ ತುಂಡುಗಳಾಗಿ ದೊರೆಯುತ್ತದೆ. ಪ್ಲಾಸ್ಟಿಕ್ ಸ್ಲೀಪರುಗಳು ತೆಳುವಾದ ಕೊಂಡಿಗಳಿಂದ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಆ ಕೊಂಡಿಗಳ ನಡುವೆ ಅಲ್ಲಲ್ಲಿ ಬಿಡುವಿರುವುದರಿಂದ ಇಡೀ ತುಂಡು ಬಿದಿರಿನ ಸೀಳಿನಂತೆ ಬಾಗುತ್ತದೆ. ಬಾಗಿಸಿದಾಗ ಒಳಗಡೆಯ ಕಂಬಿ ತುದಿಯಲ್ಲಿ ಹೊರಕ್ಕೆ ಚಾಚಿಕೊಳ್ಳುತ್ತದೆ, ಒಳದಾರಿ ಹೊರದಾರಿಗಿಂತ ಗಿಡ್ಡವಲ್ಲವೆ? 16.5 ಮಿಲಿಮೀಟರ್ ಅಂತರದ ಹಳಿಯನ್ನು ಕಾಲು ಸುತ್ತು ತಿರುಗಿಸಿದರೆ ಈ ಹೆಚ್ಚುವರಿ ಸುಮಾರು 26 ಮಿಲಿಮೀಟರ್ ಆಗುತ್ತದೆ. ಅದನ್ನು ಸಣ್ಣ ಗರಗಸದಿಂದ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ನಯ ಮಾಡಬೇಕು.

ಇಷ್ಟು ತೊಂದರೆಗೆ ಪ್ರತಿಫಲವೇನೆಂದರೆ, ತಿರುವಿನ ಸೌಮ್ಯತೆ. ಬಳಗಾಡಿಯವನು ಮೂಲೆಗೆ ಬರುವ ಮೊದಲೇ ಎತ್ತುಗಳನ್ನು ಮೆಲ್ಲನೆ ಓರೆಮಾಡಿಕೊಳ್ಳುತ್ತಾನೆ. ನಿಜವಾದ ರೈಲುಮಾರ್ಗದಲ್ಲಿಯೂ ನೇರ ಹಳಿ ಥಟ್ಟನೆ ತಿರುವಾಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಬಾಗುತ್ತ ತಿರುವಿನೊಳಗೆ ಸೇರುತ್ತದೆ. ಗಟ್ಟಿ ತುಂಡುಗಳಲ್ಲಿ ಈ ಅವಕಾಶವಿಲ್ಲ. ನೇರ ಮುಗಿದ ಕಡೆಯಲ್ಲಿಯೇ ಪೂರ್ತಿ ತಿರುವು ಆರಂಭ. ಹುಡುಗನ ರೈಲು ತಲೆ ಕೊಡವುತ್ತಿದ್ದುದು ಅಲ್ಲಿಯೇ.

ಆರಿಸುವಾಗ ನೋಡಬೇಕಾದದ್ದು

ಮೊದಲನೆಯದು ಗಾತ್ರ. ‘ಎಚ್‌ಓ’ ಎಂಬ ಗಾತ್ರದಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು; ಹಳಿಯ ಅಂತರ 16.5 ಮಿಲಿಮೀಟರ್. ‘ಎನ್’ ಗಾತ್ರದಲ್ಲಿ 160ರಲ್ಲಿ ಒಂದು ಪಾಲು; ಅಂತರ 9 ಮಿಲಿಮೀಟರ್. ಇಲ್ಲೊಂದು ವಿಷಯವನ್ನು ತಿಳಿದಿರುವುದು ಒಳ್ಳೆಯದು. ಭಾರತದ ಬ್ರಾಡ್‌ಗೇಜಿನ ಅಂತರ 1,676 ಮಿಲಿಮೀಟರ್. ಇದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೆ ತುಸು ಹೆಚ್ಚಾಗುತ್ತದೆ. ಅಂಗಡಿಯ 16.5 ಮಿಲಿಮೀಟರಿನ ಹಳಿ ಯೂರೋಪು, ಅಮೆರಿಕಗಳ ಅಳತೆಗೆ ಸರಿಹೊಂದುವುದೇ ಹೊರತು ಇಲ್ಲಿಯದಕ್ಕಲ್ಲ. ಹೆಚ್ಚಿನವರು ಈ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತಾರೆ. ತುಮಕೂರಿನ ಹಳೆಯ ಮೀಟರ್‌ಗೇಜನ್ನೇ ಕಾಣಬೇಕೆಂಬ ಹಟವಿದ್ದವರಿಗೆ 12 ಮಿಲಿಮೀಟರ್ ಅಂತರದ ಬಗ್ಗುವ ಹಳಿಯೂ ಉಂಟು. ಆದರೆ ಅದಕ್ಕೆ ಒಪ್ಪುವ ಎಂಜಿನನ್ನು ಹುಡುಕುವುದು ಸುಲಭವಲ್ಲ.

ಎರಡನೆಯದು ಕಂಬಿಯ ಎತ್ತರ. ಪೆಟ್ಟಿಗೆಯ ಮೇಲೆ ‘ಕೋಡ್ 100’, ‘ಕೋಡ್ 83’, ‘ಕೋಡ್ 75’ ಎಂದು ಬರೆದಿರುತ್ತದೆ. ಇದು ಕಂಬಿಯ ಎತ್ತರವನ್ನು ಅಂಗುಲದ ಸಾವಿರದ ಒಂದು ಪಾಲಿನಲ್ಲಿ ಹೇಳುವ ಲೆಕ್ಕ. ಕೋಡ್ 100 ಎಂದರೆ 2.54 ಮಿಲಿಮೀಟರ್, ಕೋಡ್ 75 ಎಂದರೆ ಸುಮಾರು 1.9. ಭಾರತೀಯ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಹಾಸುವ, ಮೀಟರಿಗೆ 60 ಕಿಲೋ ತೂಗುವ ಕಂಬಿಯ ಎತ್ತರ 172 ಮಿಲಿಮೀಟರ್. ಎಚ್‌ಓ ಗಾತ್ರಕ್ಕೆ ಇಳಿಸಿದರೆ 2 ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಆದುದರಿಂದ ಕಣ್ಣಿಗೆ ಕೋಡ್ 75 ಸಹಜ. ಆದರೂ ಹಳೆಯ ಆಟಿಕೆ ರೈಲುಗಳ ಚಕ್ರದ ಒಳಅಂಚು ಆಳವಾಗಿರುತ್ತದೆ. ಗಿಡ್ಡ ಕಂಬಿಯ ಮೇಲೆ ಅದು ಸ್ಲೀಪರಿಗೆ ತಗುಲಿ ಟಕಟಕನೆ ಬಡಿಯುತ್ತದೆ. ಮನೆಯಲ್ಲಿರುವ ಚಕ್ರವನ್ನು ನೋಡದೆ ಅಂದದ ಹಳಿಯನ್ನು ಕೊಂಡರೆ ಹಣ ನೀರಿನಲ್ಲಿ ಹೋಮ. ಮಕ್ಕಳ ಕೈಯ ಆಟಕ್ಕೆ, ಹಳೆಯ ಬೋಗಿಗಳಿಗೆ ಕೋಡ್ 100 ಕ್ಷೇಮಕರ.

ಮೂರನೆಯದು ಲೋಹ. ಉಕ್ಕಿನ ಕಂಬಿ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದು ಬೇಗ ಕಪ್ಪಾಗಿ ವಿದ್ಯುತ್ತಿಗೆ ಅಡ್ಡಿಮಾಡುತ್ತದೆ. ಆಗಾಗ್ಗೆ ಉಜ್ಜುತ್ತಲೇ ಇರಬೇಕು. ನಿಕಲ್ ಸಿಲ್ವರ್ ಎಂಬುದು ಉತ್ತಮ. ಉಡುಗೊರೆಯ ತಟ್ಟೆಗಳಲ್ಲಿ, ಪೂಜೆಯ ಸಾಮಾನುಗಳಲ್ಲಿ ‘ಜರ್ಮನ್ ಸಿಲ್ವರ್’ ಎಂದು ಗೃಹಿಣಿಯರಿಗೆ ಪರಿಚಿತವಾದದ್ದು ಇದೇ. ತಾಮ್ರ, ಸತು, ನಿಕಲ್‌ಗಳ ಮಿಶ್ರಣವಾದ ಇದರಲ್ಲಿ ಬೆಳ್ಳಿಯ ಹೆಸರಲ್ಲದೆ ಬೆಳ್ಳಿಯಿಲ್ಲ. ಬೆಲೆ ತುಸು ಹೆಚ್ಚಾದರೂ ಕಂಬಿ ಬಹುಕಾಲ ಬಾಳುತ್ತದೆ.

ತಿರುವಿನ ಮಿತಿ

ಬಗ್ಗುವ ಹಳಿಯ ಗುಣವೇ ಅದರ ಅಪಾಯವೂ ಹೌದು. ಗಟ್ಟಿ ತುಂಡು ‘ಇಷ್ಟೇ’ ಎನ್ನುತ್ತದೆ. ಬಗ್ಗುವ ಹಳಿ ಯಾವುದಕ್ಕೂ ಬೇಡವೆನ್ನುವುದಿಲ್ಲ. ಎಳೆದಷ್ಟೂ ಬಾಗುತ್ತದೆ, ರೈಲು ಉರುಳಿದ ಮೇಲೆಯೇ ತಪ್ಪು ಗೊತ್ತಾಗುವುದು. ಭಾರತದ ಬ್ರಾಡ್‌ಗೇಜಿನಲ್ಲಿ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಎಚ್‌ಓ ಗಾತ್ರದಲ್ಲಿ ಅದೇ 2 ಮೀಟರ್ ಆಗುತ್ತದೆ! ಅಷ್ಟು ಜಾಗ ಯಾವ ಮನೆಯಲ್ಲಿದೆ? ಆದುದರಿಂದ ಮೇಜಿನ ರೈಲೆಲ್ಲವೂ ಒಂದು ರಾಜಿಯೇ. ಎಷ್ಟರ ಮಟ್ಟಿಗೆ ರಾಜಿ ಎಂಬುದಕ್ಕೆ ಹವ್ಯಾಸಿಗಳ ಸರಳ ಸೂತ್ರವೊಂದುಂಟು. ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರರಷ್ಟಾದರೂ ಇರಬೇಕು. ಪೆರಂಬೂರಿನ ಕಾರ್ಖಾನೆಯ ಹಳೆಯ ಮಾದರಿಯ ಪ್ರಯಾಣಿಕರ ಬೋಗಿ 21.3 ಮೀಟರ್ ಉದ್ದ. ಮಾದರಿಯಲ್ಲಿ 245 ಮಿಲಿಮೀಟರ್. ಅದರ ಮೂರರಷ್ಟು 735. ಸರಾಸರಿ ಎರಡೂವರೆ ಅಡಿ ಎಂದಿಟ್ಟುಕೊಳ್ಳಬಹುದು.

ಈ ಲೆಕ್ಕವನ್ನು ಕೇಳಿ ಹುಡುಗನ ಮುಖ ಬಾಡುತ್ತದೆ. ಅವನ ಮೇಜಿನ ಅಗಲ ನಾಲ್ಕೇ ಅಡಿ. ಎರಡೂವರೆ ಅಡಿ ತ್ರಿಜ್ಯದ ಸುತ್ತು ಅದರ ಮೇಲೆ ಹಿಡಿಯದು. ತಾತನ ಮಾತು ಈಗ ಕೈಗೆ ಬರುತ್ತದೆ. ಸುತ್ತು ಏತಕ್ಕೆ ಬೇಕು? ಹಜಾರದ ಒಂದು ಗೋಡೆಗೆ ಹತ್ತಡಿ, ಪಕ್ಕದ ಗೋಡೆಗೆ ಎಂಟಡಿ, ಒಂದೂವರೆ ಅಡಿ ಅಗಲದ ಹಲಗೆ ಹೊಡೆದು, ಮೂಲೆಯನ್ನು ಮಾತ್ರ ತುಸು ತುಂಬಿದರೆ, ಒಂದು ತುದಿಯಲ್ಲಿ ತುಮಕೂರು, ಇನ್ನೊಂದು ತುದಿಯಲ್ಲಿ ತೋವಿನಕೆರೆ! ನಡುವೆ ಒಂದೇ ಒಂದು ದೊಡ್ಡ ತಿರುವು. ಮುಖ್ಯ ದಾರಿಗೆ ಆರು ಗಜದ ಹಳಿ ಸಾಕು. ನಿಲ್ದಾಣದ ಪಕ್ಕದ ಹಳಿಗೆ ಎರಡು, ಕೈ ಪಳಗಿಸಲು ಒಂದು. “ದೇವರ ಕೋಣೆಯ ಬಾಗಿಲಿಗೆ ಮಾತ್ರ ಅಡ್ಡ ಬರಕೂಡದು” ಎಂಬ ಒಂದೇ ಷರತ್ತಿನ ಮೇಲೆ ಅಮ್ಮ ಒಪ್ಪುತ್ತಾರೆ.

ಹಾಸುವಾಗ

ಜೋಡಣೆ ತಿರುವಿನಲ್ಲಿ ಬಂದರೆ ಎಚ್ಚರ ಬೇಕು. ಬಾಗಿಸಿದ ಎರಡು ತುಂಡುಗಳನ್ನು ಅಲ್ಲಿ ಸೇರಿಸಲು ಹೋದರೆ ತುದಿಗಳು ನೆಟ್ಟಗಾಗಲು ಹವಣಿಸಿ ಮೊಣಕೈಯಂಥ ಮುರುಕು ಉಂಟಾಗುತ್ತದೆ. ಅದಕ್ಕೆ ಬದಲು ತುಂಡುಗಳನ್ನು ನೇರವಾಗಿರುವಾಗಲೇ ಸೇರಿಸಿ, ಬೆಸುಗೆ ಹಾಕಿ, ಅನಂತರ ಎರಡನ್ನೂ ಒಟ್ಟಿಗೆ ಬಾಗಿಸುವುದು ಜಾಣತನ. ಬೆಸುಗೆಯ ಕೆಲಸ ಅಪ್ಪನದಾಗಲಿ. ಕಾದ ಕಬ್ಬಿಣ ಮಕ್ಕಳ ಕೈಗೆ ಬೇಡ. ನೇರ ಭಾಗದ ಜೋಡಣೆಗಳಿಗೆ ಬೆಸುಗೆ ಹಾಕದೆ, ಮಡಿಸಿದ ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಬಿಡಬೇಕು. ಬೇಸಗೆಯ ಬಿಸಿಲಿಗೆ ಕಂಬಿ ಹಿಗ್ಗುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ಹಾವಿನಂತೆ ಡೊಂಕಾಗುತ್ತದೆ. ಸಂದು ಬಿಟ್ಟ ಪ್ರತಿಯೊಂದು ತುಂಡಿಗೂ ವಿದ್ಯುತ್ತಿನ ತಂತಿಯನ್ನು ಪ್ರತ್ಯೇಕವಾಗಿ ಕೊಡುವುದನ್ನು ಮರೆಯಬಾರದು.

ಎಲ್ಲ ಕಡೆಯಲ್ಲಿಯೂ ಬಗ್ಗುವ ಹಳಿಯೇ ಆಗಬೇಕೆಂದೇನೂ ಇಲ್ಲ. ಪೆಟ್ಟಿಗೆಯಲ್ಲಿ ಬಂದ ಗಟ್ಟಿಯ ನೇರ ತುಂಡುಗಳನ್ನು, ಕಂಬಿಯ ಎತ್ತರ ಒಂದೇ ಆಗಿದ್ದರೆ, ನಿಲ್ದಾಣದ ಎದುರು ಹಾಸಿಬಿಡಬಹುದು. ಕೊಂಡದ್ದು ವ್ಯರ್ಥವಾಗದು.

ಜಲ್ಲಿ ಹಾಕಿ ಅಂಟಿಸುವ ಮುನ್ನ ಕೊನೆಯ ಪರೀಕ್ಷೆ. ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಉದ್ದಕ್ಕೂ ನೋಡಬೇಕು. ಬೆರಳನ್ನು ಕಂಬಿಯ ಒಳಮೈಗೆ ಒತ್ತಿ ಜೋಡಣೆಯಿಂದ ಜೋಡಣೆಗೆ ಎಳೆಯಬೇಕು. ಉಗುರು ತಡೆದ ಕಡೆಯಲ್ಲಿ ಚಕ್ರವೂ ತಡೆಯುತ್ತದೆ. ಎಂಜಿನಿಗಿಂತ ಮೊದಲು ಬರಿಯ ಬೋಗಿಯನ್ನು ಕೈಯಿಂದ ನೂಕಿ ನೋಡಬೇಕು. ಈ ಕೆಲಸವನ್ನು ತಾತನೇ ವಹಿಸಿಕೊಳ್ಳುತ್ತಾರೆ. ಕಣ್ಣು ಮಂಜಾದರೂ ಬೆರಳಿಗೆ ಮಂಜಿಲ್ಲ. ಮೂಲೆಯ ತಿರುವಿನಲ್ಲಿ ಅವರ ಉಗುರು ಒಮ್ಮೆ ನಿಲ್ಲುತ್ತದೆ. “ಇಲ್ಲಿ ಒಂಚೂರು ಅರ ಆಡಿಸು, ಮಗು.”

ಸಂಜೆಯ ಹೊತ್ತಿಗೆ ಹುಡುಗ ರಟ್ಟಿನ ಮೇಲೆ ಹಳದಿ ಬಣ್ಣ ಬಳಿದು, ಕಪ್ಪು ಅಕ್ಷರದಲ್ಲಿ ‘ತೋವಿನಕೆರೆ’ ಎಂದು ಬರೆದು ಹಲಗೆಯ ತುದಿಗೆ ನೆಡುತ್ತಾನೆ. ರೈಲು ತುಮಕೂರು ಬಿಟ್ಟು, ಬೆಟ್ಟದ ಬುಡದಲ್ಲಿ ತಲೆ ಕೊಡವದೆ ತಿರುಗಿ, ನಿಧಾನವಾಗಿ ಬಂದು ನಿಲ್ಲುತ್ತದೆ. ನಿಜದಲ್ಲಿ ಒಂದು ಶತಮಾನಕ್ಕೂ ಮೀರಿ ಕಾಯಿಸಿದ ದಾರಿಯನ್ನು ಅದು ಅರ್ಧ ನಿಮಿಷದಲ್ಲಿ ಮುಗಿಸಿದೆ. ತಾತ ಕುರ್ಚಿಯನ್ನು ಹಲಗೆಯ ಹತ್ತಿರಕ್ಕೆ ಎಳೆದುಕೊಂಡು ಕುಳಿತುಕೊಳ್ಳುತ್ತಾರೆ.

“ಇನ್ನೊಂದು ಸಲ ಬಿಡು, ಮಗು. ಸ್ವಲ್ಪ ನಿಧಾನವಾಗಿಯೇ ಬರಲಿ.”