ಕರುಳಿನ ರಕ್ತಸ್ರಾವ: ಕ್ಯಾಪ್ಸೂಲ್ ನುಂಗಿದರೆ ಕೊಲೊನೋಸ್ಕೋಪಿ ತಪ್ಪುತ್ತದೆಯೇ?

ಮಲದಲ್ಲಿ ರಕ್ತ ಕಂಡಿದೆ. ಇಲ್ಲವೇ ಮಲ ಡಾಂಬರಿನಂತೆ ಕಪ್ಪಾಗಿದೆ. ಇಲ್ಲವೇ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ. ವೈದ್ಯರು ಕೊಲೊನೋಸ್ಕೋಪಿ ಬರೆದುಕೊಟ್ಟಿದ್ದಾರೆ. ಅಷ್ಟರಲ್ಲಿ ಯಾರೋ ಹೇಳುತ್ತಾರೆ: ‘ಈಗ ಕ್ಯಾಮೆರಾ ಇರುವ ಗುಳಿಗೆ ಬಂದಿದೆಯಂತೆ, ಪೈಪಿನ ಕಷ್ಟವೇ ಬೇಡ.’ ಈ ಮಾತು ನಂಬಿ ಕೊಲೊನೋಸ್ಕೋಪಿ ಮುಂದೂಡಬೇಡಿ. ಇವೆರಡೂ ಒಂದಕ್ಕೊಂದು ಬದಲಿ ಅಲ್ಲ. ಅವು ನೋಡುವ ಜಾಗವೇ ಬೇರೆ.

ಯಾವುದು ಎಲ್ಲಿ ನೋಡುತ್ತದೆ?

ಕೊಲೊನೋಸ್ಕೋಪಿ ದೊಡ್ಡ ಕರುಳನ್ನೂ ಸಣ್ಣ ಕರುಳಿನ ತುದಿಯನ್ನೂ ನೋಡುತ್ತದೆ. ಗಂಟು ಕಂಡರೆ ತೆಗೆಯಬಹುದು, ಮಾದರಿ ಪಡೆಯಬಹುದು, ರಕ್ತ ಸುರಿಯುವ ಜಾಗಕ್ಕೆ ಕ್ಲಿಪ್ ಹಾಕಬಹುದು. ಕ್ಯಾಪ್ಸೂಲ್ ಸುಮಾರು 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪ. ಕೆಲವು ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಸಾಗುತ್ತಾ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಚಿತ್ರ ತೆಗೆದು ಸೊಂಟದ ಬೆಲ್ಟಿನಲ್ಲಿರುವ ರೆಕಾರ್ಡರಿಗೆ ಕಳಿಸುತ್ತದೆ. ಆದರೆ ಅದು ನೋಡುತ್ತದಷ್ಟೇ. ಮಾದರಿ ತೆಗೆಯಲಾರದು, ಚಿಕಿತ್ಸೆ ಮಾಡಲಾರದು.

ಆದ್ದರಿಂದಲೇ ಮೊದಲು ಬಾಯಿಯ ಮೂಲಕ ಎಂಡೋಸ್ಕೋಪಿ ಮತ್ತು ಕೊಲೊನೋಸ್ಕೋಪಿ. ಎರಡರಲ್ಲೂ ಕಾರಣ ಸಿಗದಿದ್ದರೆ ಕ್ಯಾಪ್ಸೂಲ್. ರಕ್ತ ಧಾರಾಕಾರ ಹೋಗುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ ಯಾವುದಕ್ಕೂ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಹಾಗಾದರೆ ಗುಳಿಗೆಯ ಸುದ್ದಿ ಸುಳ್ಳೇ?

ಪೂರ್ತಿ ಸುಳ್ಳಲ್ಲ. ದೊಡ್ಡ ಕರುಳಿಗೆಂದೇ ಬೇರೆ ಕ್ಯಾಪ್ಸೂಲ್ ಇದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2021ರಲ್ಲಿ 11,000 ರೋಗಿಗಳಿಗಾಗಿ ಅದರ ಪ್ರಯೋಗ ಘೋಷಿಸಿತು. ಆದರೆ ಅದಕ್ಕೂ ಕರುಳು ತೊಳೆಯುವ ಔಷಧಿ ಕುಡಿಯಲೇಬೇಕು, ಗಂಟು ಕಂಡರೆ ಕೊಲೊನೋಸ್ಕೋಪಿಯೂ ಆಗಲೇಬೇಕು.

ಮುಂಬೈಯಲ್ಲಿ ಸಮಯವೇ ದೊಡ್ಡ ಪ್ರಶ್ನೆ

ಸಣ್ಣ ಕರುಳಿನ ರಕ್ತಸ್ರಾವ ಬಂದು ಹೋಗುತ್ತಿರುತ್ತದೆ. ತಡವಾದಷ್ಟೂ ಕ್ಯಾಪ್ಸೂಲಿನಲ್ಲಿ ಏನೂ ಕಾಣದೆ ಹೋಗಬಹುದು. ಯುರೋಪಿನ ತಜ್ಞರ ಮಾರ್ಗಸೂಚಿ 2015ರಲ್ಲಿ, ಕಣ್ಣಿಗೆ ಕಾಣುವ ರಕ್ತಸ್ರಾವವಾದ 14 ದಿನಗಳೊಳಗೆ ಕ್ಯಾಪ್ಸೂಲ್ ಆಗಲಿ ಎಂದಿತ್ತು. 2022ರಲ್ಲಿ ಸಾಧ್ಯವಾದರೆ 48 ಗಂಟೆಯೊಳಗೆ ಎಂದಿತು. ಆದ್ದರಿಂದ ಕೆಇಎಂ, ಸಯಾನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಮೊದಲ ದಿನವೇ ಕೇಳಿ: ಎರಡೂ ಎಂಡೋಸ್ಕೋಪಿ ಸರಿಯಿದ್ದರೆ ಕ್ಯಾಪ್ಸೂಲ್ ಇಲ್ಲೇ ಆಗುತ್ತದೆಯೇ, ಎಷ್ಟು ದಿನದಲ್ಲಿ? ವಿಮೆಯವರನ್ನೂ ಮುಂಚೆಯೇ ಕೇಳಿ. ಆಸ್ಪತ್ರೆಗೆ ದಾಖಲಾಗದೆ ಮಾಡಿಸುವ ತಪಾಸಣೆಗೆ ಅನೇಕ ಪಾಲಿಸಿಗಳು ಹಣ ಕೊಡುವುದಿಲ್ಲ.

ಡೊಂಬಿವಲಿ, ವಿರಾರ್‌ನಿಂದ ಬರುವವರಿಗೆ ಇನ್ನೊಂದು ಮಾತು. ಭೇದಿ ಔಷಧಿ ಕುಡಿದು ಲೋಕಲ್ ಹತ್ತುವುದು ಕಷ್ಟ. ಆಸ್ಪತ್ರೆಯ ಹತ್ತಿರ ನೆಂಟರಿದ್ದರೆ ಹಿಂದಿನ ರಾತ್ರಿ ಅಲ್ಲೇ ಇರಿ. ಕೊಲೊನೋಸ್ಕೋಪಿಗೆ ಮಂಪರು ಔಷಧ ಕೊಟ್ಟಿದ್ದರೆ ಒಬ್ಬರೇ ಮರಳಬೇಡಿ. ಕ್ಯಾಪ್ಸೂಲಿನ ದಿನ ಓಡಾಡಬಹುದು, ಆದರೆ ಬೆಲ್ಟು ಕಟ್ಟಿಕೊಂಡು ರೈಲಿನ ನೂಕುನುಗ್ಗಲಿಗೆ ಇಳಿಯಬೇಡಿ.

ವೈದ್ಯರಿಗೆ ಮೊದಲೇ ತಿಳಿಸಿ

• ಹಿಂದೆ ಕರುಳಿನ ಕ್ಷಯ, ಕ್ರೋನ್ಸ್ ಕಾಯಿಲೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ. ಕರುಳು ಕಿರಿದಾದ ಕಡೆ ಕ್ಯಾಪ್ಸೂಲ್ ಸಿಕ್ಕಿಕೊಳ್ಳಬಹುದು. ನಮ್ಮ ದೇಶದಲ್ಲಿ ಕ್ಷಯ ಸಾಮಾನ್ಯ, ಹಾಗಾಗಿ ಇದನ್ನು ಮರೆಯಬೇಡಿ.
• ಪೇಸ್‌ಮೇಕರ್ ಇದ್ದರೆ. ಕ್ಯಾಪ್ಸೂಲ್ ಹೊರಬಂದದ್ದು ಖಚಿತವಾಗುವವರೆಗೆ ಎಂಆರ್‌ಐ ಮಾಡಿಸಬಾರದು.
• ಮೈಕೈ ನೋವಿನ ಮಾತ್ರೆ, ಆಸ್ಪಿರಿನ್, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ. ಹೃದಯಕ್ಕೆ ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
• ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ. ಅದರಿಂದಲೂ ಮಲ ಕಪ್ಪಾಗುತ್ತದೆ. ತಪಾಸಣೆಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿ.

ರಕ್ತ ಕಂಡಾಗ ‘ಮೂಲವ್ಯಾಧಿ ಇರಬೇಕು’ ಎಂದು ಮುಲಾಮು ಹಚ್ಚಿ ಸುಮ್ಮನಾಗುವವರು ಬಹಳ. ಅದು ಮೂಲವ್ಯಾಧಿಯೇ ಆಗಿರಬಹುದು, ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಆಗಿರಬಹುದು. ಸಣ್ಣ ಕರುಳಿನ ಕ್ಯಾಪ್ಸೂಲ್ ‘ಎಲ್ಲ ಸರಿಯಿದೆ’ ಎಂದರೂ ದೊಡ್ಡ ಕರುಳಿನ ಬಗ್ಗೆ ಅದು ಭರವಸೆ ಕೊಡುವುದಿಲ್ಲ. ಕೊಲೊನೋಸ್ಕೋಪಿಯ ಭಯವಿದ್ದರೆ ಅದನ್ನು ವೈದ್ಯರಿಗೇ ಹೇಳಿ. ಮಂಪರು ಕೊಟ್ಟು ಮಾಡುವ ದಾರಿಯಿದೆ.